ಶುಶ್ರೂಷೆಯೂ ರೋಗಿಯ ಆಚಾರವೂ

ಶುಶ್ರೂಷೆ ಎಂಬ ಪದವು ಇಂದು ರೋಗಿಯ ಸೇವೆ ಎಂಬ ಅರ್ಥದಲ್ಲಿ ರೂಢವಾಗಿದೆ. ವೈಯಾಕರಣರನ್ನು ಕೇಳಿದರೆ ಅದರ ಮೂಲಾರ್ಥವೇ ಬೇರೆ. ‘ಶ್ರು’ ಎಂದರೆ ಕೇಳು; ಆ ಧಾತುವಿಗೆ ಇಚ್ಛಾರ್ಥದ ಪ್ರತ್ಯಯವು ಸೇರಿ ಶುಶ್ರೂಷೆಯಾಯಿತು. ಕೇಳಬೇಕೆಂಬ ಬಯಕೆಯೇ ಶುಶ್ರೂಷೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಗುರುವಿನ ಸೇವೆಯನ್ನೂ ಮಾಡುತ್ತಿದ್ದುದರಿಂದ ಪದವು ಸೇವೆಯ ಅರ್ಥಕ್ಕೆ ಹರಿಯಿತು. ಅಲ್ಲಿಂದ ರೋಗಿಯ ಹಾಸಿಗೆಯ ಬಳಿಗೆ ಬಂದಿತು. ಬರುವ ದಾರಿಯಲ್ಲಿ ಆ ಕೇಳುವ ಬಯಕೆಯೆಲ್ಲಿಯಾದರೂ ಉದುರಿಹೋಯಿತೋ ಏನೋ ಎಂಬ ಶಂಕೆಯು ದವಾಖಾನೆಗಳಲ್ಲಿ ನಾಲ್ಕು ದಿನ ಕಳೆದವರಿಗೆ ಉಂಟಾಗದಿರದು.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹಲಬರ್ಗಾ ರೈಲುಮಾರ್ಗದ ಮೇಲಿರುವ ಊರು. ಈ ಸೀಮೆಯು 1948ರ ಸೆಪ್ಟೆಂಬರದವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನಡೆಯುತ್ತವೆ. ಲಂಬಾಣಿ ತಾಂಡೆಗಳಲ್ಲಿ ನಾಲ್ಕನೆಯ ನುಡಿಯೊಂದಿದೆ. ಇಲ್ಲಿಯ ಜನರ ಬಾಯಲ್ಲಿ ನೋವು ‘ಬ್ಯಾನಿ’, ಕಾಯಿಲೆಯು ‘ಜಡ್ಡು’. ದಕ್ಷಿಣದ ಜಿಲ್ಲೆಗಳಿಂದ ಬಂದ ದಾದಿಗೆ ಕನ್ನಡವೇ ಮಾತೃಭಾಷೆಯಾಗಿದ್ದರೂ ಮೊದಲ ತಿಂಗಳು ಕಿವಿಯು ತಡವರಿಸುವುದು ಸಹಜ. ಮಾತಿಗೇ ಇಷ್ಟು ತೊಡಕಿರುವಾಗ ಆಚಾರಗಳ ಪಾಡೇನು?

ಹಲಬರ್ಗಾದ ಒಬ್ಬ ವೃದ್ಧೆಯ ಪ್ರಸಂಗವು ಇದಕ್ಕೆ ನಿದರ್ಶನವಾಗಿದೆ. ಎಪ್ಪತ್ತು ದಾಟಿದ ಆಕೆಯು ಅಂಗಳದಲ್ಲಿ ಜಾರಿಬಿದ್ದು ತೊಡೆಯ ಮೂಳೆಯನ್ನು ಚಪ್ಪೆಯ ಸಂದಿನಲ್ಲಿ ಮುರಿದುಕೊಂಡಳು. ಮಕ್ಕಳು ನಗರದ ದವಾಖಾನೆಯೊಂದಕ್ಕೆ ಒಯ್ದರು. ಇಂತಹ ಮುರಿತದಲ್ಲಿ ವೃದ್ಧರನ್ನು ಬಹುದಿನ ಮಲಗಿಸಿಡುವುದು ಅಪಾಯಕರ. ಬೆನ್ನಿನಲ್ಲಿ ಹುಣ್ಣಾಗುವುದು, ಶ್ವಾಸಕೋಶದಲ್ಲಿ ಕಫ ಕಟ್ಟುವುದು, ಕಾಲಿನ ರಕ್ತವು ಹೆಪ್ಪುಗಟ್ಟುವುದು. ಆದುದರಿಂದ ಬೇಗನೆ ಶಸ್ತ್ರಕ್ರಿಯೆಯಾಗಬೇಕೆಂದು ವೈದ್ಯರು ನಿಶ್ಚಯಿಸಿದರು. ವೃದ್ಧೆಯಾದರೋ ಎರಡು ದಿನ ಅನ್ನವನ್ನು ಮುಟ್ಟಲಿಲ್ಲ. ಗುಟುಕು ನೀರಿಗೆ ತುಟಿ ತೆರೆದಳಷ್ಟೆ. ದಾದಿಯು ‘ರೋಗಿಗೆ ಹಸಿವಿಲ್ಲ’ ಎಂದು ಬರೆದುಕೊಂಡಳು. ಶಸ್ತ್ರಕ್ರಿಯೆಯ ಹಿಂದಿನ ಸಂಜೆ ಮೈಮೇಲಿನ ಒಡವೆಗಳನ್ನೆಲ್ಲ ತೆಗೆಯಿಸುವಾಗ ಕೊರಳ ಶಿವದಾರಕ್ಕೂ ಕೈ ಹಾಕಿದಳು. ವೃದ್ಧೆಯು ಎರಡೂ ಕೈಗಳಿಂದ ಗುಂಡಗಡಗಿಯನ್ನು ಬಿಗಿಹಿಡಿದು, “ಇದನ್ನ ತೆಗದ್ರ ನನ್ನ ಜೀವಾನೇ ತೆಗದಂಗ, ತಂಗಿ” ಎಂದಳು. ನಿಯಮವೆಂದರೆ ನಿಯಮ ಎಂದು ದಾದಿ. ಸತ್ತರೂ ಸರಿ, ಲಿಂಗವನ್ನು ಅಗಲಲಾರೆನೆಂದು ವೃದ್ಧೆ. ಕೊನೆಗೆ ಹಿರಿಯ ಮಗನು ತಾಯಿಯನ್ನು ಊರಿಗೆ ಒಯ್ಯಲು ಜೀಪನ್ನು ಗೊತ್ತುಮಾಡಿ ಬಂದನು. ಹಾಗೆ ಒಯ್ದಿದ್ದರೆ ಆಕೆಯು ಮತ್ತೆ ಎದ್ದು ನಡೆಯುವ ಆಸೆಯನ್ನು ಬಿಡಬೇಕಾಗುತ್ತಿದ್ದಿತು. ಬದುಕುವ ಆಸೆಯೂ ಕ್ಷೀಣವಾಗುತ್ತಿದ್ದಿತು.

ರಾತ್ರಿಯ ಪಾಳಿಗೆ ಬಂದ ಹಿರಿಯ ದಾದಿಯು ಇದೇ ಸೀಮೆಯ ಕ್ರೈಸ್ತ ಮಹಿಳೆ. ಆಕೆಯು ನಿಯಮದ ಮಾತನ್ನೆತ್ತದೆ ಹಾಸಿಗೆಯ ಪಕ್ಕದಲ್ಲಿ ಕುಳಿತು, “ಯವ್ವಾ, ಊಟ ಯಾಕ ಬ್ಯಾಡ?” ಎಂದು ಕೇಳಿದಳು. “ಮೈ ತೊಳದಿಲ್ಲ, ಲಿಂಗಪೂಜಿ ಆಗಿಲ್ಲ. ಹ್ಯಾಂಗ ಉಣ್ಲಿ?” ಎಂದು ಉತ್ತರ ಬಂದಿತು. ಎರಡು ದಿನಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದಾದಿಯು ಬಿಸಿನೀರು ತರಿಸಿ ಮುಖ, ಕೈ, ತೋಳುಗಳನ್ನು ಒರೆಸಿದಳು. ನೋವು ಸಹಿಸುವಷ್ಟು ಮಾತ್ರ ತಲೆಯ ಭಾಗವನ್ನು ಎತ್ತರಿಸಿದಳು. ಸೊಸೆಯು ವಿಭೂತಿಯನ್ನು ತಂದಳು. ಹತ್ತು ನಿಮಿಷದಲ್ಲಿ ಪೂಜೆ ಮುಗಿಯಿತು. ವೃದ್ಧೆಯು ಒಂದು ಲೋಟ ಹಾಲು ಕುಡಿದು ಇನ್ನೊಂದು ಕೇಳಿದಳು.

ಅನಂತರ ಲಿಂಗದ ಪ್ರಶ್ನೆ. ಲೋಹವನ್ನು ತೆಗೆಯಬೇಕೆಂಬ ನಿಯಮವು ಅರ್ಥವಿಲ್ಲದ್ದಲ್ಲ; ವಿದ್ಯುತ್ತಿನಿಂದ ರಕ್ತವನ್ನು ತಡೆಯುವ ಉಪಕರಣವನ್ನು ಬಳಸುವಾಗ ಮೈಮೇಲಿನ ಲೋಹದಿಂದ ಚರ್ಮವು ಸುಡುವ ಭಯವಿದೆ. ಆದರೆ ಲೋಹವಿದ್ದುದು ಬೆಳ್ಳಿಯ ಗುಂಡಗಡಗಿಯಲ್ಲಿ. ಕಂತಿಯ ಹೊದಿಕೆಯುಳ್ಳ ಲಿಂಗದಲ್ಲಲ್ಲ. ಹಿರಿಯ ದಾದಿಯು ಶಸ್ತ್ರವೈದ್ಯರಿಗೂ ಅರಿವಳಿಕೆಯ ವೈದ್ಯರಿಗೂ ಇದನ್ನು ತಿಳಿಸಿ ಒಪ್ಪಿಗೆ ಪಡೆದಳು. ವೃದ್ಧೆಯೇ ತನ್ನ ಕೈಯಿಂದ ಲಿಂಗವನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಅದನ್ನು ಶಸ್ತ್ರಕ್ರಿಯೆಯ ಜಾಗಕ್ಕೆ ದೂರವಾದ ತೋಳಿಗೆ ಕಟ್ಟಿದರು. ಬರಿದಾದ ಬೆಳ್ಳಿಯ ಗುಂಡಗಡಗಿಯು ಮಗನ ಜೇಬು ಸೇರಿತು. ಜೀಪು ಬಂದ ದಾರಿಗೆ ಹಿಂದಿರುಗಿತು. ಮರುದಿನ ಶಸ್ತ್ರಕ್ರಿಯೆಯು ಸಾಂಗವಾಗಿ ನೆರವೇರಿತು.

ಕಿರಿಯ ದಾದಿಯನ್ನು ಇಲ್ಲಿ ಹಳಿಯುವುದು ನ್ಯಾಯವಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವ ಚರಕಸಂಹಿತೆಯು ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಆಕೆಯಲ್ಲಿ ಕೊನೆಯ ಮೂರೂ ಇದ್ದವು. ಮೊದಲನೆಯದೂ ಅರ್ಧ ಇದ್ದಿತು. ಉಪಚಾರವೆಂಬ ಒಂದೇ ಮಾತು ರೋಗಿಯ ಆರೈಕೆಗೂ ದೇವರ ಪೂಜೆಗೂ ಸಲ್ಲುವುದಷ್ಟೆ. ಒಂದು ಉಪಚಾರವು ಇನ್ನೊಂದನ್ನು ಕಾದು ನಿಂತಿರುವುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ.

ಈ ಕೊರತೆಯು ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಮ್ಯಾಡೆಲಿನ್ ಲೈನಿಂಜರ್ ಎಂಬ ಶುಶ್ರೂಷಕಿಯು 1950ರ ದಶಕದಲ್ಲಿ, ಬೇರೆಬೇರೆ ಮನೆತನಗಳ ಮಕ್ಕಳು ಒಂದೇ ಆರೈಕೆಗೆ ಬೇರೆಬೇರೆಯಾಗಿ ಸ್ಪಂದಿಸುವುದನ್ನು ಕಂಡು ಚಿಂತೆಗೊಳಗಾದಳು. ಮಾನವಶಾಸ್ತ್ರವನ್ನು ಅಭ್ಯಸಿಸಿ, ನ್ಯೂಗಿನಿಯ ಬೆಟ್ಟದ ಗ್ಯಾಡ್ಸಪ್ ಜನರ ನಡುವೆ ವಾಸಮಾಡಿ, ಸಂಸ್ಕೃತಿಯನ್ನರಿತ ಶುಶ್ರೂಷೆಯೆಂಬ ಶಾಸ್ತ್ರವನ್ನು ಕಟ್ಟಿದಳು. ರೋಗಿಯ ಆಚಾರದ ವಿಷಯದಲ್ಲಿ ದಾದಿಗೆ ಮೂರು ಮಾರ್ಗಗಳುಂಟೆಂದು ಆಕೆಯ ಮತ: ಕೆಲವನ್ನು ಇದ್ದಂತೆಯೇ ಉಳಿಸುವುದು, ಕೆಲವಕ್ಕೆ ಹೊಂದಿಕೆಯನ್ನು ಹುಡುಕುವುದು, ಕೆಲವನ್ನು ಬದಲಿಸಲು ನೆರವಾಗುವುದು. ವೃದ್ಧೆಯ ಪೂಜೆಯು ಮೊದಲನೆಯದಕ್ಕೂ, ತೋಳಿಗೆ ಕಟ್ಟಿದ ಲಿಂಗವು ಎರಡನೆಯದಕ್ಕೂ ಉದಾಹರಣೆ.

ಮೂರನೆಯದು ಕಠಿನ. ಹೆರಿಗೆಯಾದೊಡನೆ ಬರುವ ಗಟ್ಟಿಹಾಲನ್ನು ಹಿಂಡಿ ಚೆಲ್ಲಿ ಕೂಸಿಗೆ ಜೇನು ನೆಕ್ಕಿಸುವ ರೂಢಿಯೂ, ಅಳುವ ಕೂಸಿನ ಹೊಟ್ಟೆಗೆ ಬರೆ ಹಾಕುವ ರೂಢಿಯೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಇವನ್ನು ಗೌರವಿಸುವುದು ಶುಶ್ರೂಷೆಯಲ್ಲ, ಕರ್ತವ್ಯಚ್ಯುತಿ. ಆದರೂ ಅಜ್ಜಿಯನ್ನು ಮೂಢಳೆಂದು ಬೈದು ಹೊರಗೆ ಕಳುಹಿಸಿದರೆ ಫಲವಿಲ್ಲ. ಕೂಸು ಮನೆಗೆ ಹೋದಮೇಲೆ ತೊಟ್ಟಿಲು ಅಜ್ಜಿಯ ವಶ. ಗಟ್ಟಿಹಾಲು ಕೂಸಿನ ಮೊದಲ ರಕ್ಷೆಯೆಂದು ಅಜ್ಜಿಗೇ ತಿಳಿಹೇಳಿ, ಬಾಣಂತಿಗೆ ಹಾಲೂಡಿಸಲು ಕಲಿಸುವ ಭಾರವನ್ನು ಆಕೆಗೇ ಒಪ್ಪಿಸುವ ದಾದಿಯು ಜಾಣೆ.

ಇನ್ನೊಂದು ಅಪಾಯವೂ ಇದೆ. ಜಾತಿಗೊಂದು ಆಚಾರದ ಪಟ್ಟಿಯನ್ನು ಬಾಯಿಪಾಠ ಮಾಡಿ, ಹೆಸರನ್ನು ನೋಡಿ ಮನುಷ್ಯನನ್ನು ಓದಿಬಿಡುವ ಅಪಾಯ. ಹೆಸರಿನಿಂದ ಲಿಂಗಾಯತನಾದ ತರುಣನು ಲಿಂಗವನ್ನೇ ಧರಿಸದಿರಬಹುದು. ರೋಗಿಯು ಉಪವಾಸವನ್ನು ಮುಂದಕ್ಕೆ ಹಾಕಬಹುದೆಂದು ಇಸ್ಲಾಂ ಧರ್ಮದಲ್ಲಿ ಅನುಮತಿಯಿದೆ. ಆದರೂ ಮಧುಮೇಹವುಳ್ಳವರು ರಮಜಾನಿನಲ್ಲಿ ಯಾರಿಗೂ ಹೇಳದೆ ಉಪವಾಸವಿದ್ದು, ಔಷಧದ ಹೊತ್ತನ್ನು ತಪ್ಪಿಸಿ ಕುಸಿಯುವುದುಂಟು. ಉಪವಾಸವಿರುತ್ತಾರೆಂದು ಊಹಿಸುವುದೂ ತಪ್ಪು, ಇರುವುದಿಲ್ಲವೆಂದು ಊಹಿಸುವುದೂ ತಪ್ಪು. ತಿಂಗಳು ಹುಟ್ಟುವ ಮೊದಲೇ ಕೇಳತಕ್ಕದ್ದು.

ಒಬ್ಬಳೇ ದಾದಿಯು ಹತ್ತಾರು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದಲ್ಲಿ ಇಷ್ಟೆಲ್ಲ ಕೇಳುವುದಕ್ಕೆ ಹೊತ್ತೆಲ್ಲಿ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯಥಾರ್ಥ, ಅದಕ್ಕೆ ಸಂಪೂರ್ಣ ಪರಿಹಾರವು ದಾದಿಯ ಕೈಯಲ್ಲಿಲ್ಲ. ಭಾರದ ಒಂದು ಪಾಲನ್ನು ಸುಶಿಕ್ಷಿತ ಮನೆತನದವರು ಹೊರಬಹುದು. ರೋಗಿಯನ್ನು ಸೇರಿಸುವ ದಿನವೇ, ಈಕೆಯು ಪೂಜೆಯಿಲ್ಲದೆ ಉಣ್ಣಳು, ಈತನು ಉಪವಾಸವಿರುವನು, ಈಕೆಗೆ ಗಂಡಸರು ಪರೀಕ್ಷಿಸುವುದು ಸಂಕೋಚ ಎಂದು ಎರಡು ಮಾತು ತಿಳಿಸುವುದಕ್ಕೆ ಏನು ಕಷ್ಟ? ಹಲಬರ್ಗಾದ ವೃದ್ಧೆಯ ಮಕ್ಕಳಿಗೆ ಎರಡೂ ದಿನ ಕಾರಣವು ಗೊತ್ತಿದ್ದಿತು. ದವಾಖಾನೆಯಲ್ಲಿ ಅಂತಹುದನ್ನೆಲ್ಲ ಹೇಳಿದರೆ ನಕ್ಕಾರೆಂದು ಅವರು ಸುಮ್ಮನಿದ್ದರು.

ಮೂರನೆಯ ವಾರದಲ್ಲಿ ವೃದ್ಧೆಯು ನಡೆಗೋಲನ್ನು ಹಿಡಿದು ಊರಿಗೆ ಹೊರಟಳು. ಅಷ್ಟರಲ್ಲಿ ಕಿರಿಯ ದಾದಿಯು ಪ್ರತಿದಿನ ಮುಂಜಾನೆ ಕೇಳದೆಯೇ ಬಿಸಿನೀರು ತರುವುದನ್ನು ಕಲಿತಿದ್ದಳು. ಬಾಗಿಲವರೆಗೆ ಬಂದ ಆಕೆಯ ಗಲ್ಲವನ್ನು ಸವರಿ ವೃದ್ಧೆಯು, “ನಿನ್ನೂರು ಯಾವ್ದು ತಂಗಿ? ಅಲ್ಲಿ ಊಟಕ್ಕ ಏನ್ ಮಾಡ್ತಾರ?” ಎಂದು ಕೇಳಿದಳು. ರಾಗಿಯ ಮುದ್ದೆ ಎಂದು ಉತ್ತರ ಬಂದಾಗ, ರೊಟ್ಟಿಯಿಲ್ಲದ ಊಟವೂ ಒಂದು ಊಟವೇ ಎಂದು ಮರುಗಿ, ಹಲಬರ್ಗಾಕ್ಕೆ ಬಂದು ಉಂಡು ಹೋಗಬೇಕೆಂದು ಎರಡು ಸಲ ಹೇಳಿ ಗಾಡಿಯನ್ನು ಹತ್ತಿದಳು.