ದುಬಾರಿ ಪೆಟ್ರೋಲ್ ಕಲಿಸಿದ ಪಾಠ

2024ರ ರಾಜ್ಯೋತ್ಸವದಂದು ನಮ್ಮ ಸಂಘದ ಪುಟ್ಟ ಜನರೇಟರ್ ಕೈಕೊಟ್ಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಕ್ಕಳ ನಾಟಕದ ನಡುವೆ ಕರೆಂಟ್ ಹೋಯಿತು. ಹಗ್ಗ ಎಳೆದೆಳೆದು ನಮ್ಮ ತೋಳು ಸೋತಿತೇ ಹೊರತು ಯಂತ್ರ ಉಸಿರೆತ್ತಲಿಲ್ಲ. ಪಾಪ, ಮಕ್ಕಳು ಮೊಬೈಲ್ ಬೆಳಕಿನಲ್ಲೇ ನಾಟಕ ಮುಗಿಸಿದರು.

ಹಿಂದಿನ ವರ್ಷ ಅದರ ಟ್ಯಾಂಕಿಗೆ 95 ಆಕ್ಟೇನಿನ ದುಬಾರಿ ಪೆಟ್ರೋಲ್ ತುಂಬಿಸಿ, ಎಂಜಿನ್ ಶುದ್ಧಿ ಮಾಡುವ ದ್ರಾವಣದ ಬಾಟಲಿಯೊಂದನ್ನೂ ಸುರಿದಿದ್ದವನು ನಾನೇ. ಹಾಗಾಗಿ ಪೆಟ್ರೋಲಿನ ಮೇಲೆ ಸಂಶಯ ಬರಲಿಲ್ಲ. ಬಂದದ್ದು ಕಾವಲುಗಾರನ ಮೇಲೆ. ಒಳ್ಳೆಯದನ್ನು ಕದ್ದು ಅಗ್ಗದ್ದನ್ನು ತುಂಬಿದ್ದಾನೆಂದು ಎಲ್ಲರೆದುರೇ ಗದರಿದೆ. ಅವನು ತಲೆ ತಗ್ಗಿಸಿ ನಿಂತ.

ಮರುದಿನ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ತೋರಿಸಿದ. ವರ್ಷವಿಡೀ ನಿಂತ ಪೆಟ್ರೋಲ್ ಕೆಟ್ಟು ಅಂಟಾಗಿ, ಜೆಟ್ಟಿನ ಸಣ್ಣ ರಂಧ್ರವನ್ನೇ ಮುಚ್ಚಿತ್ತು. "ಸಾಹೇಬರೇ, ಪೆಟ್ರೋಲ್ ಕೆಡುವುದಕ್ಕೆ ಅದರ ಬೆಲೆ ಗೊತ್ತಿರುವುದಿಲ್ಲ" ಎಂದ.

ಆಮೇಲೆ ಓದಿ ತಿಳಿದೆ. ಆಕ್ಟೇನ್ ಎಂದರೆ ಶಕ್ತಿಯ ಅಳತೆಯಲ್ಲ. ಒತ್ತಡಕ್ಕೆ ಸಿಕ್ಕಾಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ. ಒತ್ತಡ ಹೆಚ್ಚಿರುವ ಎಂಜಿನ್ನುಗಳಿಗೆ ಅದು ಬೇಕು. ಇಂಥ ಸಣ್ಣ ಜನರೇಟರುಗಳಲ್ಲಿ ಒತ್ತಡದ ಪ್ರಮಾಣ ಸುಮಾರು 8ಕ್ಕೆ 1. ಸಾಧಾರಣ ಪೆಟ್ರೋಲೇ ಧಾರಾಳ ಸಾಕು. ಜ್ವರವಿಲ್ಲದವನಿಗೆ ಜ್ವರದ ಮಾತ್ರೆ ಕೊಟ್ಟಂತೆ ನನ್ನ ಉಪಚಾರ! ಶುದ್ಧಿಯ ದ್ರಾವಣ ಕೊಳೆ ಕಟ್ಟದಂತೆ ಸ್ವಲ್ಪ ನೆರವಾದೀತು. ಪೂರ್ತಿ ಮುಚ್ಚಿದ ಜೆಟ್ಟನ್ನು ಅದು ತೆರೆಯದು. ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ದ್ರಾವಣ ಬೇರೆಯೇ ಇದೆ. ಅದನ್ನೂ ತಾಜಾ ಪೆಟ್ರೋಲಿಗೇ ಬೆರೆಸಬೇಕು. ಕೆಟ್ಟದ್ದನ್ನು ಅದು ಸರಿಮಾಡದು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ತುಂಬಿಡುವುದು ಇನ್ನೂ ಸಲ್ಲದು.

ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದ್ದರೆ ಇಷ್ಟು ಮಾಡಿ: ಬೇಕಾದಷ್ಟೇ ತಾಜಾ ಪೆಟ್ರೋಲ್ ಹಾಕಿ. ಕೆಲಸ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬಹುಕಾಲ ಬಳಸದಿದ್ದರೆ ಟ್ಯಾಂಕನ್ನೂ ಖಾಲಿ ಮಾಡಿಸಿ. ದುಬಾರಿ ಪೆಟ್ರೋಲಿನ ಹಣದಲ್ಲಿ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿ.

ಕಾವಲುಗಾರನ ಕ್ಷಮೆಯನ್ನು ಅಂದೇ ಕೇಳಿದೆ. ಆದರೆ ಗದರಿದ್ದು ನಿಮ್ಮೆಲ್ಲರೆದುರು. ಅದಕ್ಕೇ ಇದನ್ನು ನಿಮ್ಮೆಲ್ಲರಿಗೂ ಬರೆದೆ.