ಕೆಂಪು ಕಟ್ಟಡದ ತಂಪಿನಲ್ಲಿ

ಪರೀಕ್ಷೆ ಮುಗಿದ ಸಂಜೆಯೇ ಪುಸ್ತಕಗಳು ಅಟ್ಟ ಸೇರುವುದು ಅನೇಕ ಮನೆಗಳ ವಾಡಿಕೆ. ವರ್ಷವಿಡೀ ಬೆಳೆಸಿದ ಓದಿನ ಅಭ್ಯಾಸ ಏಪ್ರಿಲ್ ಕಳೆಯುವುದರೊಳಗೆ ತಪ್ಪಿಹೋಗುತ್ತದೆ. ಇದಕ್ಕೆ ಮದ್ದು ಬೇಕಿದ್ದವರು ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಒಮ್ಮೆ ಹೋಗಿ ಬರಬೇಕು.

1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಕೆಂಪು ಭವನವೇ ಅಲ್ಲಿನ ರಾಜ್ಯ ಕೇಂದ್ರ ಗ್ರಂಥಾಲಯ. ಹೊರಗೆ ಹೊಂಗೆ ಚಿಗುರಿ ನಿಂತಿದ್ದರೂ ಬಿಸಿಲು ಸುಡುತ್ತದೆ. ಒಳಗೆ ಕಾಲಿಟ್ಟರೆ ತಂಪು. ದಪ್ಪ ಗೋಡೆ ನಿಧಾನವಾಗಿ ಕಾಯುತ್ತದೆ. ಬಿಸಿಗಾಳಿ ಹಗುರವಾಗಿ ಎತ್ತರದ ಸೂರಿನತ್ತ ಏರುತ್ತದೆ.

ಮೇಜುಗಳ ಮುಂದೆ ಕುಳಿತ ಬಹಳ ಮಂದಿಯ ಕೈಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳು. ನಡುವೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹಿಡಿದು ಕುಳಿತಿದ್ದಾಳೆ. ಸಸ್ಯಗಳನ್ನು ಅರಸಿ ಕಾಡು ಸುತ್ತಿದ ಮೇಷ್ಟರು ಮತ್ತು ವಿದ್ಯಾರ್ಥಿಗಳ ಕಥನವದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. “ಇದು ಪಿಯುಸಿಗೆ ಇದೆಯೇನಮ್ಮಾ?” ಎಂದು ತಂದೆ ಪಿಸುಗುಡುತ್ತಾರೆ. “ಇಲ್ಲಪ್ಪಾ, ಸುಮ್ಮನೆ ಓದೋಕೆ.” ತಂದೆ ಏನೂ ಹೇಳದೆ ದಿನಪತ್ರಿಕೆ ಎತ್ತಿಕೊಳ್ಳುತ್ತಾರೆ.

ಆ ‘ಸುಮ್ಮನೆ’ ಎಂಬುದೇ ಮುಖ್ಯ. ಅಂಕಕ್ಕಾಗಿ ಓದಿದ್ದು ಅಂಕಪಟ್ಟಿಯೊಂದಿಗೇ ಮುಗಿಯುತ್ತದೆ. ಬೇಸಿಗೆ ರಜೆ ಸುಮಾರು 50 ದಿನ. ದಿನಕ್ಕೆ 10 ಪುಟ ಓದಿದರೂ 500 ಪುಟವಾಯಿತು. ಇದಕ್ಕೆ ಬೆಂಗಳೂರೇ ಆಗಬೇಕಿಲ್ಲ, ಊರಿನ ಪಂಚಾಯಿತಿ ಗ್ರಂಥಾಲಯವೂ ಸಾಕು. ಗೊತ್ತಾದ ಹೊತ್ತು, ಗೊತ್ತಾದ ಜಾಗ ಇರಬೇಕು. ಮಗಳ ಪಕ್ಕದಲ್ಲಿ ತಂದೆಯೂ ಒಂದು ಪುಸ್ತಕ ಹಿಡಿದು ಕೂರಬೇಕು.