ಕೂದಲೆಳೆಯಷ್ಟು ಸಡಿಲ

ಪಂಚರ್ ಹಾಕುವುದು ಬೇಸರದ ಕೆಲಸ. ಚಕ್ರದ ಬೆಂಡು ತೆಗೆಯುವುದು ಕಣ್ಣು ನೋಯಿಸುವ ಕೆಲಸ. ಸೈಕಲ್ ರಿಪೇರಿಯಲ್ಲಿ ನನಗೆ ರುಚಿ ಹತ್ತಿರುವುದು ಒಂದು ಸೈಕಲ್ಲಿನ ಸೀಟ್ ಪಿಲ್ಲರನ್ನು ಇನ್ನೊಂದರ ಫ್ರೇಮಿಗೆ ಕೂರಿಸುವುದರಲ್ಲಿ.

ನಮ್ಮೂರು ಕೆರಗೋಡಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ 2006-07ರಿಂದ ಹಲವು ವರ್ಷ ಕೊಟ್ಟ ಸೈಕಲ್ಲುಗಳು ಇನ್ನೂ ಕೊಟ್ಟಿಗೆಗಳಲ್ಲಿವೆ. ತುಳಿದ ಹುಡುಗರು ಬೈಕ್ ಹತ್ತಿ ಬೆಂಗಳೂರು ಸೇರಿದರು. ಸೈಕಲ್ಲುಗಳು ಬಿಡಿಬಿಡಿಯಾಗಿ ಅಪ್ಪಂದಿರ ಹಳೇ ಅಟ್ಲಾಸು, ಹರ್ಕ್ಯುಲಿಸ್ಸುಗಳ ಮೈಸೇರುತ್ತಿವೆ. ಅಟ್ಲಾಸಿನವರು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆ ಮುಚ್ಚಿದರು. ಈಗ ಆ ಫ್ರೇಮುಗಳಿಗೆ ಸಿಕ್ಕಿದ್ದೇ ಪಾರ್ಟು.

ಆದರೆ ಪಿಲ್ಲರ್ ಹಾಗೆಲ್ಲ ಒಗ್ಗುವ ವಸ್ತುವಲ್ಲ. ಪಿಲ್ಲರ್ ಇಳಿಯುವ ಫ್ರೇಮಿನ ಕೊಳವೆ ಹೊರಗಿನಿಂದ ನೋಡಿದರೆ ಎಷ್ಟೋ ಸೈಕಲ್ಲುಗಳಲ್ಲಿ ಒಂದೇ ದಪ್ಪ, 28.6 ಮಿಲಿಮೀಟರ್, ಅಂದರೆ ಹಳೇ ಲೆಕ್ಕದ ಒಂದೂ ಅರೆಕಾಲು ಇಂಚು. ಒಳಗಿನ ತೂತು ಮಾತ್ರ ತಗಡಿನ ದಪ್ಪವನ್ನು ನಂಬಿದೆ. ತಗಡು ತೆಳುವಾದರೆ 27.2ರ ಪಿಲ್ಲರ್ ಬೇಕು, ದಪ್ಪವಾದಷ್ಟೂ ಪಿಲ್ಲರ್ ಸಣ್ಣದಾಗಬೇಕು. ಹೀಗೆ 22ರಿಂದ 32 ಮಿಲಿಮೀಟರ್ ದಾಟುವವರೆಗೆ, ಹೆಚ್ಚಾಗಿ 0.2ರ ಅಂತರದಲ್ಲಿ, ಅಳತೆಗಳ ದೊಡ್ಡ ಸಂಸಾರವೇ ಇದೆ. ಇಷ್ಟೊಂದು ಯಾಕೆ ಬೇಕಿತ್ತು ಎಂದು ಬೈದುಕೊಳ್ಳುತ್ತಲೇ ನಾನು ವರ್ನಿಯರ್ ಕೈಗೆತ್ತಿಕೊಳ್ಳುತ್ತೇನೆ.

ಡೇರಿಗೆ ಹಾಲು ಹಾಕುವ ನಮ್ಮ ಬೀದಿಯ ದೊಡ್ಡಪ್ಪ ಮೊನ್ನೆ ತಂದದ್ದು ಇಂಥದೇ ಜೋಡಿ: ಅಟ್ಲಾಸ್ ಫ್ರೇಮು, ಮೊಮ್ಮಗನ ಸ್ಕೂಲ್ ಸೈಕಲ್ಲಿನ ಪಿಲ್ಲರು. "ಮ್ಯಾಕ್ಕೆ ವೋಯ್ತಾ ಇಲ್ಲ, ಕೆಳೀಕೆ ಇಳೀತಾ ಇಲ್ಲ, ಒಂದೇಟು ಮಡುಗು ಕಣಪ್ಪ," ಎಂದರು. ಸುತ್ತಿಗೆ ಏಟು ನಮ್ಮೂರಿನ ಮೊದಲ ಮದ್ದು. ಪಿಲ್ಲರಿಗೆ ಅದು ವಿಷ. ಹೊಡೆದು ಇಳಿಸಿದ್ದು ಮತ್ತೆ ಮೇಲೆ ಬರುವುದಿಲ್ಲ.

ಕೊಳವೆಯ ಬಾಯಿಗೆ ಬೆರಳು ಹಾಕಿ ಸವರಿದೆ. ಬಿಗಿಯಾಗಲೆಂದು ಬೋಲ್ಟನ್ನು ವರ್ಷಗಟ್ಟಲೆ ತಿರುವಿ ತಿರುವಿ ಸೀಳಿನ ಎರಡೂ ಕಿವಿ ಒಳಕ್ಕೆ ಬಾಗಿದ್ದವು. ಅಂಚಿನಲ್ಲಿ ಮುಳ್ಳಿನಂಥ ಕಬ್ಬಿಣ. ಸೀಳಿಗೆ ಸ್ಕ್ರೂಡ್ರೈವರ್ ತೂರಿಸಿ ಹದವಾಗಿ ಮೀಟಿದೆ. ಅರದಿಂದ ಮುಳ್ಳು ಉಜ್ಜಿ, ಉಪ್ಪುಕಾಗದವನ್ನು ಕೋಲಿಗೆ ಸುತ್ತಿ ಒಳಗಿನ ತುಕ್ಕು ತೆಗೆದೆ. ಈಗ ಪಿಲ್ಲರ್ ಇಳಿಯಿತು, ಆದರೆ ಲೊಡಲೊಡ. ಬಾಯಿ ಬಿಗಿಯಾಗಿದ್ದರಿಂದ ದೊಡ್ಡದೆಂದು ಕಂಡ ಪಿಲ್ಲರ್ ನಿಜದಲ್ಲಿ ಸಣ್ಣದು! ತೂತು 25.4, ಪಿಲ್ಲರ್ 25.2. ಸುತ್ತಲೂ ಒಂದು ಕೂದಲೆಳೆಯಷ್ಟು ಸಡಿಲ.

ಕೂದಲೆಳೆ ಎಂದು ಬಿಟ್ಟರೆ ಬೋಲ್ಟನ್ನು ಇನ್ನಷ್ಟು ಬಿಗಿಯಬೇಕು, ಕಿವಿ ಇನ್ನಷ್ಟು ಬಾಗಬೇಕು, ಗುಂಡಿ ಬಿದ್ದ ರಸ್ತೆಯಲ್ಲಿ ಸೀಟು ತಿರುಗಬೇಕು. ಇದಕ್ಕೆ ಮದ್ದು ಬೀಡಾ ಅಂಗಡಿಯ ಮುಂದೆ ಬಿದ್ದಿರುತ್ತದೆ: ಕೂಲ್‌ಡ್ರಿಂಕಿನ ಅಲ್ಯೂಮಿನಿಯಂ ಡಬ್ಬಿ. ಅದರ ತಗಡು ಹತ್ತಿರಹತ್ತಿರ 0.1 ಮಿಲಿಮೀಟರ್. ಒಂದು ಸುತ್ತು ಸುತ್ತಿದರೆ ಎರಡೂ ಕಡೆ ಸೇರಿ 0.2, ಸರಿಯಾಗಿ ಒಂದು ಸೈಜು! ಡಬ್ಬಿ ಮಾಡಿದವರಿಗೂ ಪಿಲ್ಲರ್ ಮಾಡಿದವರಿಗೂ ಯಾವ ಸಂಬಂಧವೂ ಇಲ್ಲ. ಈ ಹೊಂದಾಣಿಕೆ ನೆನೆದಾಗೆಲ್ಲ ನನಗೆ ನಗು ಬರುತ್ತದೆ.

ಡಬ್ಬಿಯ ತಗಡಿನ ಪಟ್ಟಿಯನ್ನು ಪಿಲ್ಲರಿನ ಸುತ್ತಳತೆಯಷ್ಟು, 79 ಮಿಲಿಮೀಟರಿಗೆ, ಕತ್ತರಿಸಿದೆ. ತುದಿಗಳು ಒಂದಕ್ಕೊಂದು ಮುಟ್ಟಬೇಕು, ಒಂದರ ಮೇಲೊಂದು ಏರಬಾರದು. ಮೇಲಂಚಿನಲ್ಲಿ ಒಂದಿಷ್ಟು ನಾಲಗೆ ಬಿಟ್ಟು ಹೊರಕ್ಕೆ ಮಡಚಬೇಕು, ಇಲ್ಲದಿದ್ದರೆ ಪಟ್ಟಿ ಒಳಗೇ ಜಾರಿ ಮಾಯವಾಗುತ್ತದೆ. ಗ್ರೀಸ್ ಮರೆಯಬಾರದು, ಉಕ್ಕು, ಅಲ್ಯೂಮಿನಿಯಂ ಎರಡೂ ನೀರು ಕುಡಿದು ಕಚ್ಚಿಕೊಂಡರೆ ಬಿಡಿಸುವವರಿಲ್ಲ. ಅಂಗೈಯಿಂದ ಒತ್ತಿದಾಗ ಪಿಲ್ಲರ್ ಗಾಳಿಯನ್ನು ತಳ್ಳುತ್ತ ನಿಧಾನವಾಗಿ ಇಳಿಯಿತು. ಆ ಇಳಿತದ ಸುಖಕ್ಕಾಗಿಯೇ ನಾನು ಯಾರ ಸೈಕಲ್ಲಿಗೂ ಇಲ್ಲವೆನ್ನುವುದಿಲ್ಲ.

ಹಿಮ್ಮಡಿ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು ಎಂಬ ಲೆಕ್ಕದಲ್ಲಿ ಸೀಟನ್ನು ಎತ್ತರಕ್ಕೆ ನಿಲ್ಲಿಸಿದೆ. ದೊಡ್ಡಪ್ಪ ಕೂತು ನೋಡಿ ಇಳಿದರು.

"ಪೂರಾ ಕೆಳೀಕೆ ಇಳ್ಸು. ಎಲ್ಡು ಕ್ಯಾನ್ ಹಾಲು ನೇತಾಕಂಡಾಗ ಕಾಲು ನೆಲುಕ್ಕೆ ಎಟುಕ್ದೇ ಓದ್ರೆ ನಾನ್ ಬೀಳಾಕಿಲ್ವಾ?"

ಇಳಿಸಿದೆ. ಸೀಟು ಫ್ರೇಮಿಗೆ ತಾಗಿ ಕೂತಿತು.